ಜೇನು ಗಂಗಕ್ಕನ ಓಮಿನಿ ಹೊಗೆ ಟೆಸ್ಟ್ ಪಾಸಾದದ್ದು

“ಆರು ಪಾಯಿಂಟ್ ಎಂಟು,” ಸಮೃದ್ಧಿ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದಳು.

“ಎಷ್ಟಕ್ಕೆ?” ಗಂಗಕ್ಕ ಕೇಳಿದರು.

“ಎಷ್ಟಕ್ಕೆ ಅಂತ ಇಲ್ಲ ಅಕ್ಕಾ, ಇದೆಂತ ಶಾಲೆ ಮಾರ್ಕ್ಸಾ? ಇದು ಕಡ್ಮೆ ಬಂದ್ರೇ ಪಾಸು. ನಿಮ್ಮ ಗಾಡಿಗೆ ಮೂರರ ಒಳಗೆ ಬರ್ಬೇಕು.”

“ಹಂಗಾರೆ ನಮ್ಮ ಗಾಡಿ ಡಬ್ಬಲ್ ಫೇಲು.”

“ಡಬ್ಬಲ್‌ಗಿಂತ ಸ್ವಲ್ಪ ಜಾಸ್ತೀನೇ,” ಎಂದು ಸಮೃದ್ಧಿ ನಕ್ಕಳು. ಆಮೇಲೆ ಗಂಗಕ್ಕನ ಮುಖ ನೋಡಿ ನಗು ನಿಲ್ಲಿಸಿದಳು.

ಶಿರಸಿಯ ಹುಬ್ಬಳ್ಳಿ ರಸ್ತೆಯ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಈ ಸಮೃದ್ಧಿಯದೊಂದು ಹೊಗೆ ಟೆಸ್ಟಿನ ಗೂಡು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಸೈಲೆನ್ಸರಿಗೆ ಪೈಪು ಹಾಕಿ ಕಣ್ಣು ಮಿಟುಕಿಸದೆ ಅಂಕಿ ನೋಡುತ್ತಾ ಕೂರುವವಳು. ಮೊದಲೆಲ್ಲ ಗಂಗಕ್ಕ ಟೆಸ್ಟ್ ಮಾಡಿಸುತ್ತಿದ್ದದ್ದು ರಸ್ತೆ ಬದಿ ನಿಲ್ಲುವ ಬೇರೊಂದು ವ್ಯಾನಿನಲ್ಲಿ. ಅಲ್ಲಿನ ಮನುಷ್ಯ ಪೈಪು ಕೈಗೆತ್ತಿಕೊಳ್ಳುವಷ್ಟರಲ್ಲೇ ಕಾಗದ ಪ್ರಿಂಟಾಗಿ ಹೊರಗೆ ಬಂದಿರುತ್ತಿತ್ತು. ಅದರಲ್ಲಿ ಏನು ಬರೆದಿದೆ ಎಂದು ಗಂಗಕ್ಕ ಓದಿದವರಲ್ಲ, ಆತ ಹೇಳಿದವನೂ ಅಲ್ಲ. ಆ ವ್ಯಾನು ಈಗ ಬರುವುದಿಲ್ಲ. ಹಾಗಾಗಿ ತನ್ನ ಗಾಡಿ ನಿಜಕ್ಕೂ ಎಷ್ಟು ಕೆಟ್ಟ ಹೊಗೆ ಬಿಡುತ್ತದೆ ಎನ್ನುವ ಲೆಕ್ಕ ಗಂಗಕ್ಕನ ಕಿವಿಗೆ ಬಿದ್ದದ್ದು ಆ ಸೋಮವಾರವೇ ಮೊದಲು.

ಬೇರೆ ಯಾರಾದರೂ ಆಗಿದ್ದರೆ ಮಶೀನಿಗೆ ಬೈಯುತ್ತಿದ್ದರು. ಗಂಗಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪರದೆಯ ಹತ್ತಿರ ಬಗ್ಗಿ, “ಯಾವ್ದು ತಂಗಿ ಆ ಅಂಕಿ? ನಂಗೆ ಸ್ವಲ್ಪ ತೋರ್ಸು,” ಎಂದರು. ಅದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ, ಪೆಟ್ರೋಲು ಸರಿಯಾಗಿ ಉರಿಯದಿದ್ದರೆ ಬರುವುದು, ಬಣ್ಣ ಇಲ್ಲ, ವಾಸನೆ ಇಲ್ಲ ಎಂದೆಲ್ಲ ಸಮೃದ್ಧಿ ವಿವರಿಸಿದಳು. ಗಂಗಕ್ಕ ಎಲ್ಲ ಕೇಳಿಸಿಕೊಂಡು ಗಾಡಿಯ ಹಿಂದಿನ ಬಾಗಿಲನ್ನೇ ನೋಡುತ್ತಾ ನಿಂತರು. ಆ ಬಾಗಿಲಿನ ಹಿಂದೆ ಕೂರುವುದು ಮನುಷ್ಯರಲ್ಲ, ಜೇನುಹುಳಗಳು.

ಗಂಗಕ್ಕ ಯಾರು ಅಂತ ಗೊತ್ತಿಲ್ಲದವರು ಶಿರಸಿ, ಸಿದ್ದಾಪುರ, ಯಲ್ಲಾಪುರದ ಜೇನು ಸಾಕುವವರ ನಡುವೆ ಸಿಗುವುದಿಲ್ಲ. ಊರು ಎಕ್ಕಂಬಿ. ವಯಸ್ಸು ಐವತ್ತೆರಡು. ಹದಿನೆಂಟು ವರ್ಷದ ಕೆಳಗೆ ಗದ್ದೆಯ ಬದುವಿನ ಹುತ್ತದೊಳಗಿದ್ದ ಒಂದು ತುಡುವೆ ಜೇನಿನ ಕುಟುಂಬವನ್ನು ಬರಿಗೈಯಲ್ಲಿ ಎತ್ತಿ ತಂದು, ಹಳೆಯ ಅಕ್ಕಿ ಡಬ್ಬದಲ್ಲಿ ಕೂರಿಸಿ, “ಇಲ್ಲೇ ಇರ್ರಿ, ನಾ ಎಂತ ಮಾಡುದಿಲ್ಲ” ಎಂದು ಹೇಳಿ ಶುರು ಮಾಡಿದವರು. ಈಗ ಅರವತ್ತು ಪೆಟ್ಟಿಗೆ. ಹುಳಗಳಿಗೆ ಬಹುವಚನ, ಮನುಷ್ಯರಿಗೆ ಮಾತ್ರ ಮನಸ್ಸು ಬಂದ ಹಾಗೆ. ಜೇನು ಬಿಡಿಸುವಾಗ ಕೈಗವಸು ಇಲ್ಲ, ಮುಖಕ್ಕೂ ಬಹಳ ಸಲ ಏನೂ ಇಲ್ಲ. ಸಿದ್ದಾಪುರದ ತರಬೇತಿಯಲ್ಲಿ ಪಾಠ ಹೇಳಲು ಇವರನ್ನು ಕರೆಯುತ್ತಾರೆ ಎಂದರೆ ನೋಡಿ.

ಗಾಡಿ ಬಂದದ್ದರ ಹಿಂದೆ ಒಂದು ದೊಡ್ಡ ರಾದ್ಧಾಂತವಿದೆ. ಹನ್ನೆರಡು ವರ್ಷದ ಹಿಂದೆ ಮಂಜ ಎನ್ನುವವನ ಗೂಡ್ಸ್ ರಿಕ್ಷಾದಲ್ಲಿ ಇಪ್ಪತ್ತು ಪೆಟ್ಟಿಗೆ ಹೇರಿಕೊಂಡು ಮಾಗೋಡಿಗೆ ಹೊರಟಿದ್ದರು. ಮಂಚಿಕೇರಿ ಹತ್ತಿರ ರಸ್ತೆ ಉಬ್ಬಿಗೆ ಗಾಡಿ ಹಾರಿತು, ಒಂದು ಪೆಟ್ಟಿಗೆಯ ಬಾಗಿಲು ಬಿಚ್ಚಿತು. ಮಂಜ ಹಿಂದೆ ತಿರುಗಿ ನೋಡಿದವನೇ ಎಂಜಿನ್ನೂ ಆಫ್ ಮಾಡದೆ ಹಾರಿ, ಎದುರಿಗಿದ್ದ ಕಿರಾಣಿ ಅಂಗಡಿಗೆ ನುಗ್ಗಿ ಒಳಗಿಂದ ಶಟರ್ ಎಳೆದುಕೊಂಡ. ಅಂಗಡಿಯ ಯಜಮಾನ ಹೊರಗೇ ಉಳಿದ! ಗಾಡಿ ನಡುರಸ್ತೆಯಲ್ಲಿ ಗುರುಗುಡುತ್ತಾ ನಿಂತಿದೆ, ಗಂಗಕ್ಕನಿಗೆ ಅದನ್ನು ಬದಿಗೆ ತೆಗೆಯಲು ಬರುವುದಿಲ್ಲ. ಒಂದು ತಾಸು ಬಸ್ಸು ಲಾರಿಗಳಿಗೆ ಕೈ ತೋರಿಸಿ ಆಚೆಯಿಂದ ಕಳಿಸುತ್ತಾ, ನಡುನಡುವೆ ಹುಳಗಳನ್ನು ಪೆಟ್ಟಿಗೆಗೆ ಕರೆಯುತ್ತಾ ನಿಂತಿದ್ದರಂತೆ. ಮುಂದಿನ ವಾರವೇ ಡ್ರೈವಿಂಗ್ ಕ್ಲಾಸಿಗೆ ಸೇರಿದರು, ನಲವತ್ತನೆಯ ವಯಸ್ಸಿನಲ್ಲಿ. ಸಿದ್ದಾಪುರದಲ್ಲಿ ಶಾಲೆ ಮಕ್ಕಳನ್ನು ಸಾಗಿಸುತ್ತಿದ್ದ ಒಂದು ಹಳೆಯ ಬಿಳಿ ಓಮಿನಿ ಮಾರಾಟಕ್ಕಿತ್ತು. ತಂದರು. ಹಿಂದಿನ ಸೀಟು ಕಿತ್ತು ಪೆಟ್ಟಿಗೆ ಕೂರಿಸಲು ಅಡ್ಡಪಟ್ಟಿ ಹೊಡೆದರು. ಆವತ್ತಿನಿಂದ ಗಂಗಕ್ಕ ಗೇರು ಹಾಕುವಾಗ ಮೊಣಕೈ ಮೇಲೆ ಒಂದೆರಡು ಹುಳ ನಡೆದಾಡುತ್ತಲೇ ಇರುತ್ತವೆ. ಪೊಲೀಸರು ಒಂದೇ ಸಲ ಹಿಂದಿನ ಬಾಗಿಲು ತೆಗೆಸಿ ನೋಡಿದ್ದಾರೆ. ಆಮೇಲೆ ದೂರದಿಂದಲೇ ಹೋಗಿ ಹೋಗಿ ಎನ್ನುತ್ತಾರೆ.

ಈಗ ಆ ಓಮಿನಿಗೆ ಇಪ್ಪತ್ತೈದು ವರ್ಷ. ಅದರ ರಿಜಿಸ್ಟ್ರೇಶನ್ ಆ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಗುರುವಾರ ಹನ್ನೊಂದು ಗಂಟೆಗೆ ಆರ್‌ಟಿಒ ಆಫೀಸಿನಲ್ಲಿ ಗಾಡಿ ತೋರಿಸಬೇಕು, ಕೈಯಲ್ಲಿ ಹೊಗೆ ಟೆಸ್ಟಿನ ಕಾಗದ ಇರಬೇಕು. ಇಲ್ಲವಾದರೆ ಮುಂದಿನ ದಿನ ಸಿಗುವುದು ಮೂರು ವಾರದ ಮೇಲೆ. ಮೂರು ವಾರ ಎಂದರೆ ಏನು? ಎಕ್ಕಂಬಿ ಕಡೆ ಆಗ ಹೂವಿಲ್ಲ. ಮಾಗೋಡಿನ ಬೆಟ್ಟದಲ್ಲಿ ನೇರಲು ಮೊಗ್ಗು ಬಿಟ್ಟಾಗಿತ್ತು, ಅರಳಿದರೆ ಹತ್ತು ಹದಿನೈದು ದಿನದ ಹಬ್ಬ. ಅಷ್ಟರಲ್ಲಿ ಅರವತ್ತು ಪೆಟ್ಟಿಗೆ ಅಲ್ಲಿಗೆ ಮುಟ್ಟಬೇಕು. ಮುಟ್ಟದಿದ್ದರೆ ಹಸಿದ ಹುಳಗಳು ಪೆಟ್ಟಿಗೆ ಬಿಟ್ಟು ಹಾರಿ ಹೋಗುತ್ತವೆ. ಹದಿನೆಂಟು ವರ್ಷದ ಕೂಟ ಒಂದು ಬೇಸಿಗೆಯಲ್ಲಿ ಖಾಲಿ. ಬಾಡಿಗೆ ಗಾಡಿಯವರೋ, ಮಂಜನ ಕಥೆ ಕೇಳಿದ ಮೇಲೆ ಗಂಗಕ್ಕನ ನಂಬರ್ ನೋಡಿದರೆ ಫೋನೇ ಎತ್ತುವುದಿಲ್ಲ.

“ಒಂದು ಒಳ್ಳೆ ಮೆಕ್ಯಾನಿಕ್ಕಿಗೆ ತೋರ್ಸಿ ಅಕ್ಕಾ,” ಎಂದಳು ಸಮೃದ್ಧಿ. “ಇದು ಕಾರ್ಬುರೇಟರ್ ಗಾಡಿ. ಈಗಿನ ಹುಡುಗ್ರಿಗೆ ಇದು ಬರುದಿಲ್ಲ, ಅವ್ರು ಲ್ಯಾಪ್‌ಟಾಪ್ ಚುಚ್ಚುವವ್ರು.”

ಮಂಗಳವಾರ ಬೆಳಗ್ಗೆ ಗಂಗಕ್ಕ ಮಂಚಿಕೇರಿಯ ಮನೋಹರಣ್ಣನ ಶೆಡ್ಡಿನ ಮುಂದೆ ಹಾಜರು. ಅರವತ್ತು ದಾಟಿದ ಮನೋಹರಣ್ಣನಿಗೆ ಮಂಡಿನೋವು, ಬಾಯಿ ಮಾತ್ರ ಬಲು ಜೋರು. ಯಲ್ಲಾಪುರದಿಂದ ಶಿರಸಿವರೆಗೆ ಯಾರ ಹಳೆ ಗಾಡಿ ಕೆಮ್ಮಿದರೂ ಇವರ ಹತ್ತಿರವೇ ಬರುತ್ತದೆ.

“ಬಂದ್ಯಾ ತಂಗಿ! ಹುಳ ಎಲ್ಲ ಇಳ್ಸಿ ಬಂದ್ಯಾ, ಒಂದೆರಡು ನಂಗೂ ತಂದ್ಯಾ?”

“ಇವತ್ತು ನಾನೊಬ್ಳೇ ಮನೋರಣ್ಣ. ಗಾಡಿ ಹೊಗೆ ಟೆಸ್ಟಲ್ಲಿ ಫೇಲು. ಆರು ಪಾಯಿಂಟ್ ಎಂಟು.”

“ಆರು ಪಾಯಿಂಟ್ ಎಂಟಾ! ಇದು ಗಾಡಿಯಾ, ಬಚ್ಚಲ ಒಲೆಯಾ?”

ಮನೋಹರಣ್ಣ ಮುಂದಿನ ಸೀಟು ಎತ್ತಿದರು. ಓಮಿನಿಯ ಎಂಜಿನ್ನು ಇರುವುದು ಸೀಟಿನ ಅಡಿಯಲ್ಲೇ. ಪ್ಲಗ್ಗು ಬಿಚ್ಚಿದರೆ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದರು, ಒಂದೊಂದು ತೂತಿಗೂ ಬಾಯಿಟ್ಟು ಊದಿದರು, ಹೊಸ ಪ್ಲಗ್ಗು ಹಾಕಿದರು, ಏರ್ ಫಿಲ್ಟರಿನ ಡಬ್ಬ ತೆಗೆದು ಹೊಸ ಫಿಲ್ಟರ್ ಕೂರಿಸಿದರು. ಎಂಜಿನ್ನು ಮೊದಲಿಗಿಂತ ಮೆತ್ತಗೆ ಓಡಿತು.

“ಈಗ ಹೋಗು. ಮೂರಲ್ಲ, ಎರಡು ಬರ್ಲಿಲ್ಲ ಅಂದ್ರೆ ನನ್ನ ಹೆಸ್ರು ಬದ್ಲಿಸು.”

ಬುಧವಾರ ಬೆಳಗ್ಗೆ ಸಮೃದ್ಧಿಯ ಮಶೀನು ಐದು ಪಾಯಿಂಟ್ ನಾಲ್ಕು ತೋರಿಸಿತು.

ಅದೇ ಹೊತ್ತಿಗೆ ಬಂಕಿಗೆ ಪೆಟ್ರೋಲು ಹಾಕಿಸಲು ಬಂದವರು ಕಿಶೋರ ಹೆಗಡೆ. ಮಾಗೋಡಿನವರು, ಮೂವತ್ತೈದರ ಆಸುಪಾಸು. ಗಂಗಕ್ಕನ ಪೆಟ್ಟಿಗೆಗಳು ಪ್ರತಿ ವರ್ಷ ಹೋಗಿ ಕೂರುವುದು ಇವರ ಬೆಟ್ಟದಲ್ಲೇ. ಹುಳ ಬಂದರೆ ತೋಟಕ್ಕೂ ಒಳ್ಳೆಯದು ಎಂದು ಅವರೇ ಕರೆಯುತ್ತಾರೆ. ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ತೆಗೆದಿಲ್ಲ.

“ಎಂತ ಗಂಗಕ್ಕಾ, ಇಲ್ಲಿ? ನೇರಲು ಇನ್ನೆರಡು ದಿನದಲ್ಲಿ ಒಡೀತದೆ, ನೀವಿನ್ನೂ ಶಿರ್ಸಿ ಪೇಟೆ ಸುತ್ತತಾ ಇದ್ರಿ?”

ವಿಷಯ ಕೇಳಿದ ಮೇಲೆ ಕಿಶೋರರು ತಮ್ಮ ಕಾರು ನೋಡಿದರು, ಓಮಿನಿ ನೋಡಿದರು, ನಡುವೆ ಬಿದ್ದಿದ್ದ ಮಶೀನಿನ ಪೈಪು ನೋಡಿದರು.

“ಇಷ್ಟಕ್ಕೆ ಯೋಚ್ನೆ ಎಂತಕ್ಕೆ? ಫೋಟೋ ನಿಮ್ಮ ಗಾಡೀದು ಹೊಡೀಲಿ. ಪೈಪು ನನ್ನ ಕಾರಿಗೆ ಹಾಕ್ಲಿ. ಪೈಪು ಉದ್ದ ಉಂಟಲ್ಲ? ಎರಡು ನಿಮಿಷದ ಕೆಲ್ಸ.”

ಸಮೃದ್ಧಿ ಉಗುರು ಕಚ್ಚಿಕೊಂಡು, ಆಮೇಲೆ ಮೆಲ್ಲಗೆ, “ನಾನು ಇಲ್ಲಿವರೆಗೆ ಹಾಗೆ ಮಾಡ್ಲಿಲ್ಲ ಅಕ್ಕಾ. ಆದ್ರೆ ನಿಮ್ಗೆ... ನಾಳೆನೇ ಕಡೇ ದಿನ ಅಲ್ವಾ?” ಎಂದಳು.

ಗಂಗಕ್ಕ ಯೋಚಿಸಲಿಲ್ಲ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಯೋಚಿಸಿದರು. ಎರಡು ನಿಮಿಷದಲ್ಲಿ ಕಾಗದ, ನಾಳೆ ಸೀಲು, ನಾಡಿದ್ದು ಮಾಗೋಡು. ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣು ಮಾತ್ರ ಓಮಿನಿಯ ಹಿಂದಿನ ಬಾಗಿಲಿಗೇ ಹೋಗುತ್ತಿತ್ತು. ಕಳೆದ ವರ್ಷ ಮಾಗೋಡಿಗೆ ಮುಟ್ಟಿ ಬಾಗಿಲು ತೆಗೆದಾಗ ಹಿಂದಿನ ಸಾಲಿನ ಎರಡು ಪೆಟ್ಟಿಗೆಯ ತಳದಲ್ಲಿ ಹಿಡಿ ಹಿಡಿ ಹುಳ ಸತ್ತು ಬಿದ್ದಿದ್ದವು. ಬಿಸಿಲಿಗೆ ಅಂದುಕೊಂಡಿದ್ದರು. ಬಣ್ಣ ಇಲ್ಲದ, ವಾಸನೆ ಇಲ್ಲದ ಗಾಳಿ ಅಂತ ಈ ಹುಡುಗಿ ಹೇಳಿದ ಮೇಲೆ ಎರಡು ದಿನದಿಂದ ಅನ್ನ ಸೇರುತ್ತಿರಲಿಲ್ಲ.

“ಬೇಡ ಹೆಗಡೇರೆ,” ಎಂದರು. “ಕಾಗ್ದ ನಿಮ್ಮ ಕಾರಿಂದು ಬರ್ತದೆ, ಹೊಗೆ ನಂದೇ ಇರ್ತದೆ. ಹಿಂದೆ ಕೂತವು ಆ ಹೊಗೆ ಕುಡ್ಕೊಂಡು ಬರ್ಬೇಕಲ್ಲ. ಅವಕ್ಕೆ ಕಾಗ್ದ ತೋರ್ಸಿದ್ರೆ ಆಗ್ತದ?”

“ಹುಳದ ಯೋಚ್ನೆ ಮಾಡ್ತಾ ಮಾಡ್ತಾ ಹುಳನೇ ಉಳೀದಿದ್ರೆ?”

“ನಾಳೆ ಹನ್ನೊಂದು ಗಂಟೆವರೆಗೆ ಟೈಮುಂಟು,” ಎಂದು ಗಂಗಕ್ಕ ಗಾಡಿ ಹತ್ತಿದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, “ತಂಗೀ, ನೀ ಇಲ್ಲಿವರೆಗೆ ಮಾಡ್ಲಿಲ್ಲ ಅಂದ್ಯಲ್ಲ, ಹಂಗೇ ಇರು. ನನ್ನ ಗಾಡಿಗಾಗಿ ಎಂತಕ್ಕೆ ಶುರು ಮಾಡ್ತೆ?” ಎಂದರು. ಸಮೃದ್ಧಿಯ ಮುಖ ಕೆಂಪಾಯಿತು. ಆದರೆ ಅವಳು ಎಷ್ಟು ಜೋರಾಗಿ ತಲೆ ಆಡಿಸಿದಳೆಂದರೆ ಕಿವಿಯ ಜುಮಕಿ ಹಾರಿ ಹೋಗುವುದೊಂದು ಬಾಕಿ.

ಮಂಚಿಕೇರಿಯಲ್ಲಿ ಮನೋಹರಣ್ಣ ಐದು ಪಾಯಿಂಟ್ ನಾಲ್ಕು ಎಂದು ಕೇಳಿ ಕೂತಲ್ಲಿಂದ ಎದ್ದೇ ಬಿಟ್ಟರು, ಮಂಡಿನೋವು ಮರೆತು.

“ಆ ಹುಡುಗಿ ಮಶೀನೇ ಹಾಳಾಗಿರ್ಬೇಕು!”

“ಮಶೀನು ಸರಿ ಇದೆ. ನನ್ನ ಮುಂದೆ ನಿಂತಿದ್ದ ಕಾರಿಗೆ ಸೊನ್ನೆ ಬಂತು, ನಾ ನೋಡಿದೆ.”

“ಹಂಗಾದ್ರೆ ನಾನೇ ಹಾಳು,” ಎಂದು ಮನೋಹರಣ್ಣ ಗೊಣಗುತ್ತಾ ಸ್ಕ್ರೂಡ್ರೈವರ್ ಹಿಡಿದು ಮತ್ತೆ ಕಾರ್ಬುರೇಟರಿಗೆ ಬಗ್ಗಿದರು. ಎಂಜಿನ್ನು ಓಡುತ್ತಲೇ ಇತ್ತು. ಅವರು ತಿರುಪು ಈ ಕಡೆ ತಿರುಗಿಸಿದರೆ ಗಾಡಿ ನಡುಗುತ್ತಿತ್ತು, ಆ ಕಡೆ ತಿರುಗಿಸಿದರೆ ಉಬ್ಬಸ ಬಂದ ಹಾಗೆ ಎಳೆಯುತ್ತಿತ್ತು.

ಗಂಗಕ್ಕ ಹಳೆ ಟಯರಿನ ಮೇಲೆ ಕೂತು ಆ ಸದ್ದು ಕೇಳುತ್ತಿದ್ದರು. ಪೆಟ್ಟಿಗೆಯೊಳಗೆ ಗಾಳಿ ಸಾಲದೆ ಹೋದಾಗ ಹುಳಗಳು ಹೀಗೇ ಒಂದೇ ಸಮನೆ ಗುಂಯ್ ಎನ್ನುತ್ತವೆ. ಹೊಸಬರು ಏನು ಮಾಡುತ್ತಾರೆ? ಗಾಬರಿಯಾಗಿ ಮುಚ್ಚಳ ತೆಗೆದು, ರಾಣಿ ಎಲ್ಲಿ, ಮರಿ ಎಲ್ಲಿ ಎಂದು ಒಳಗೆಲ್ಲ ಕೆದಕುತ್ತಾರೆ. ಗಂಗಕ್ಕ ತರಬೇತಿಗೆ ಬಂದವರಿಗೆ ಹೇಳಿಕೊಡುವ ಮೊದಲ ಪಾಠ ಬೇರೆ. ಮುಚ್ಚಳ ಮುಟ್ಟಬೇಡಿ, ಮೊದಲು ಬಾಗಿಲಿಗೆ ಅಂಗೈಯ ಹಿಂಭಾಗ ಹಿಡಿದು ನೋಡಿ, ಉಸಿರು ಆಡುತ್ತಾ ಇದೆಯಾ ಅಂತ.

ಎದ್ದು ಬಂದರು.

“ಮನೋರಣ್ಣ, ಇದು ಉಸ್ರು ಎಳ್ಕೊಳ್ಳುದು ಎಲ್ಲಿಂದ?”

“ನಿನ್ನೆ ಹಾಕಿದ್ನಲ್ಲ ಹೊಸ ಫಿಲ್ಟರ್ರು, ಅದ್ರಿಂದ.”

“ಅದು ಮೂಗಿನ ಒಳಗಾತು. ಹೊಳ್ಳೆ ಎಲ್ಲಿ ಕೇಳಿದ್ದು ನಾನು.”

ಮನೋಹರಣ್ಣ ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ ಫಿಲ್ಟರ್ ಡಬ್ಬದಿಂದ ಹೊರಟು ಹಿಂದಕ್ಕೆ ಹೋಗುವ ಒಂದು ರಬ್ಬರ್ ಪೈಪನ್ನು ತೋರಿಸಿದರು. ಅದರ ಬಾಯಿ ತಗಡಿನ ಮರೆಯಲ್ಲಿ, ಕಣ್ಣಿಗೆ ಕಾಣದ ಮೂಲೆಯಲ್ಲಿತ್ತು. ಫಿಲ್ಟರ್ ಬದಲಿಸಲು ಆ ಮೂಲೆಗೆ ಕೈ ಹಾಕುವ ಕೆಲಸವೇ ಇಲ್ಲ. ಹಾಗಾಗಿ ವರ್ಷಗಳಿಂದ ಯಾರೂ ಹಾಕಿರಲಿಲ್ಲ. ಗಂಗಕ್ಕ ಮೊಣಕೈವರೆಗೆ ಕೈ ತೂರಿಸಿ, ಅಂಗೈಯ ಹಿಂಭಾಗವನ್ನು ಆ ಬಾಯಿಗೆ ಹಿಡಿದರು. ಎಂಜಿನ್ನು ಓಡುತ್ತಿದೆ, ಗಾಳಿಯ ಎಳೆತ ಇದ್ದೂ ಇಲ್ಲದ ಹಾಗೆ. ಕೈ ತಿರುಗಿಸಿ ಬೆರಳಲ್ಲಿ ಸವರಿದರು. ಗಟ್ಟಿಯಾದ ಏನೋ ಒಂದು. ಅದರ ಸುತ್ತ ಸಣ್ಣ ತಂತಿ.

ಬೆರಳಿಗೆ ತಂತಿ ತಾಗಿದ ಕ್ಷಣದಲ್ಲೇ ಗಂಗಕ್ಕನಿಗೆ ಎಲ್ಲ ತಿಳಿದುಹೋಯಿತು. ಅದು ಜೇನಿನ ಚೌಕಟ್ಟಿಗೆ ಕಟ್ಟುವ ತಂತಿ.

“ಎಂತ ಉಂಟು?” ಮನೋಹರಣ್ಣ ಇಣುಕಿದರು. ಇಕ್ಕಳ ಹಾಕಿ ಎಳೆದಾಗ ಹೊರಗೆ ಬಂದದ್ದು ಒಂದು ಕಪ್ಪು ಬಿಲ್ಲೆ. ಬಟ್ಟೆ ಎಂದು ಹೇಳಬೇಕಾದರೆ ಉಗುರಿನಿಂದ ಕೆರೆಯಬೇಕು. ಮೇಣ, ಕೆಂಪು ಧೂಳು, ಪರಾಗ, ಎಣ್ಣೆ ಎಲ್ಲ ಸೇರಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಅದು ಬಾಯಿಂದ ಕಳಚಿದ್ದೇ ತಡ, ಎಂಜಿನ್ನಿನ ಸದ್ದೇ ಬದಲಾಯಿತು.

“ಯಾವ ಕತ್ತೆ ಮಾಡಿದ ಕೆಲ್ಸ ಇದು! ಗಾಡಿಯ ಮೂಗಿಗೆ ಬಟ್ಟೆ ಕಟ್ಟಿದ್ದಾನಲ್ಲ! ಆ ಮಗ ಸಿಕ್ಕಿದ್ರೆ ಅವನ ಮೂಗಿಗೂ...”

“ನಾನೇ ಮನೋರಣ್ಣ.”

ಮನೋಹರಣ್ಣನ ಬಾಯಿ ತೆರೆದೇ ಉಳಿಯಿತು. ಅಷ್ಟು ಹೊತ್ತು ಅದು ಸುಮ್ಮನೆ ತೆರೆದಿದ್ದನ್ನು ಮಂಚಿಕೇರಿಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ಹನ್ನೆರಡು ವರ್ಷದ ಹಿಂದೆ, ಓಮಿನಿಯಲ್ಲಿ ಮೊದಲ ಸಲ ಪೆಟ್ಟಿಗೆ ಸಾಗಿಸಿದಾಗ ಪೆಟ್ಟಿಗೆಯಿಂದ ತಪ್ಪಿಸಿಕೊಂಡ ಹುಳಗಳು ಆ ಪೈಪಿನ ಎಳೆತಕ್ಕೆ ಸಿಕ್ಕಿ ಒಳಗೆ ಹೋಗಿದ್ದವು. ಫಿಲ್ಟರ್ ತೆಗೆದಾಗ ನೂರಾರು ಹುಳ ಸತ್ತು ಅಂಟಿಕೊಂಡಿದ್ದನ್ನು ನೋಡಿದ ಗಂಗಕ್ಕ ಮುಖಕ್ಕೆ ಹಾಕುವ ಬಲೆಬಟ್ಟೆಯನ್ನೇ ಹರಿದು, ನಾಲ್ಕು ಪದರ ಮಡಚಿ ಆ ಬಾಯಿಗೆ ಬಿಗಿದಿದ್ದರು. ಮುಂದೆ ಒಂದು ಹುಳವೂ ಒಳಗೆ ಹೋಗಲಿಲ್ಲ. ಕೆಲಸ ಸರಿಯಾಯಿತು ಎಂದು ಮರೆತೇಬಿಟ್ಟರು.

“ಅವು ಒಳಗೆ ಹೋಗಿ ಸಾಯ್ಬಾರ್ದು ಅಂತ ಕಟ್ಟಿದೆ,” ಎಂದರು ಮೆಲ್ಲಗೆ. “ಹೊರಗೆ ಕೂತಲ್ಲೇ ವಿಷ ಕುಡಿಸ್ದೆ.”

ಮನೋಹರಣ್ಣ ಏನೋ ಸಮಾಧಾನ ಹೇಳಲು ಹೊರಟರು. ಆದರೆ ಗಂಗಕ್ಕ ಆಗಲೇ ಫೋನು ಹಿಡಿದಿದ್ದರು. ಯಾಕೆ ಎಂದರೆ, ಈ ಬಟ್ಟೆ ಕಟ್ಟುವ ಉಪಾಯವನ್ನು ಅವರು ಸಿದ್ದಾಪುರದ ತರಬೇತಿಯಲ್ಲಿ ಹನ್ನೊಂದು ಜನರಿಗೆ ಹೇಳಿಕೊಟ್ಟಿದ್ದರು! ಹೆಮ್ಮೆಯಿಂದ, ಬೋರ್ಡಿನ ಮೇಲೆ ಚಿತ್ರ ಬರೆದು. ತನ್ನ ಗಾಡಿ ಇನ್ನೂ ಪಾಸಾಗಿಲ್ಲ, ನಾಳೆ ಹನ್ನೊಂದಕ್ಕೆ ಆಫೀಸು. ಆದರೂ ಅಲ್ಲೇ ಟಯರಿನ ಮೇಲೆ ಕೂತು ಒಬ್ಬೊಬ್ಬರಿಗೇ ಫೋನು. “ನಾ ಹೇಳಿಕೊಟ್ಟದ್ದು ತಪ್ಪು. ಆ ಬಟ್ಟೆ ಇವತ್ತೇ ಬಿಚ್ರಿ.” ಸುತ್ತಿ ಬಳಸಿ ಒಂದು ಮಾತಿಲ್ಲ. ಇಂಥ ಹೊತ್ತಲ್ಲಿ ಎಷ್ಟು ಜನ ಗುರುಗಳು ಶಿಷ್ಯರಿಗೆ ಹೀಗೆ ಫೋನು ಮಾಡಿಯಾರು, ಹೇಳಿ.

ಸಿದ್ದಾಪುರದ ಅನುಶ್ರೀ ಆ ಕಡೆಯಿಂದ ಕೂಗಿದ್ದು ಶೆಡ್ಡಿಗೆಲ್ಲ ಕೇಳಿಸಿತು. “ಅಯ್ಯೋ ಗಂಗಕ್ಕಾ, ಅದಕ್ಕಾ! ಮೈಲೇಜ್ ಇಲ್ಲ, ನೀ ಗೇರ್ ಹಾಕುದೇ ಸರಿ ಇಲ್ಲ ಅಂತ ನಮ್ಮನೆಯವ್ರು ನಾಲ್ಕು ವರ್ಷದಿಂದ ಬೈತಾ ಇದ್ರಲ್ಲ! ಇರಿ, ಅವ್ರಿಗೆ ಈಗ್ಲೇ ಕೊಡ್ತೆ ಫೋನು, ನೀವೇ ಹೇಳಿ!”

ಹನ್ನೊಂದು ಫೋನು ಮುಗಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ. ಬಟ್ಟೆ ಇಲ್ಲದಿದ್ದರೆ ಹುಳ ಮತ್ತೆ ಒಳಗೆ ಹೋಗುತ್ತವಲ್ಲ?

“ಹೋದ್ರೆ ಹೋಗ್ಲಿ, ನಾಲ್ಕು ಹುಳ,” ಎಂದರು ಮನೋಹರಣ್ಣ.

“ನಿಮ್ಮ ನಾಲ್ಕು ಬೆರಳು ಹೋಗ್ಲಿ ಅಂದ್ರೆ ಆಗ್ತದ?”

ಗಾಡಿಯಲ್ಲಿ, ಸಾಗಿಸುವಾಗ ಪೆಟ್ಟಿಗೆಯ ಮೇಲೆ ಹೊದಿಸುವ ತಂತಿ ಜಾಲರಿಯ ತುಂಡೊಂದು ಇತ್ತು. ಗಾಳಿ ಧಾರಾಳ ಬರುತ್ತದೆ, ಹುಳ ನುಸುಳುವುದಿಲ್ಲ. ಗಂಗಕ್ಕ ಅದನ್ನು ಕತ್ತರಿಸಿ, ಸುತ್ತಿ, ತಂತಿಯಿಂದ ಹೊಲಿದು ದೊಡ್ಡ ಚೊಂಬಿನಷ್ಟು ಅಗಲದ ಬುಟ್ಟಿ ಮಾಡಿದರು. ಬಾಯಿಗೆ ಬಿಗಿಯಾಗಿ ಮುಚ್ಚಿದರೆ ಕಟ್ಟಿಕೊಳ್ಳುತ್ತದೆ, ಬಾಯಿಯ ಹೊರಗೆ ಬುಟ್ಟಿಯ ಹಾಗೆ ನಿಲ್ಲಿಸಿದರೆ ಎಲ್ಲ ಕಡೆಯಿಂದ ಗಾಳಿ ಬರುತ್ತದೆ. ಎರಡು ಕ್ಲಿಪ್ ಒತ್ತಿದರೆ ಕೈಗೆ ಬರಬೇಕು, ತೊಳೆದು ಮತ್ತೆ ಹಾಕಬೇಕು. ಅರ್ಧ ತಾಸಿನಲ್ಲಿ ಅದು ಅಲ್ಲಿ ಕೂತಿತು. ಮನೋಹರಣ್ಣ ಅಲುಗಾಡಿಸಿ ನೋಡಿದರು. ಅಲುಗಲಿಲ್ಲ.

“ತಂಗಿ, ನೀ ನನ್ನ ಶೆಡ್ಡಿಗೆ ಕೆಲ್ಸಕ್ಕೆ ಬಾ.”

“ನೀವೇ ನನ್ನಲ್ಲಿಗೆ ಬರ್ರಿ. ದಿನಕ್ಕೆ ಎರಡು ಹುಳ ಮಂಡಿಗೆ ಕಚ್ಚಿಸ್ತೆ. ನೋವು ಹೋಗ್ದಿದ್ರೂ ಓಡುದಂತೂ ಕಲೀತ್ರಿ.”

ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಸಮೃದ್ಧಿ ಗೂಡಿನ ಬೀಗ ತೆಗೆಯುವಾಗ ಓಮಿನಿ ಎದುರಿಗೇ ನಿಂತಿತ್ತು. ಮನೋಹರಣ್ಣ ಕೂಡ ಮೊದಲ ಬಸ್ಸಿಗೆ ಬಂದು ಇಳಿದಿದ್ದರು, ಕಿಸೆಯಲ್ಲಿ ಒಂದೇ ಒಂದು ಸ್ಕ್ರೂಡ್ರೈವರ್. ಹೆಸರು ಬದಲಿಸುವ ಮಾತು ಆಡಿದ್ದರಲ್ಲ, ಮಾನದ ಪ್ರಶ್ನೆ.

ಪೈಪು ಸೈಲೆನ್ಸರಿಗೆ ಹೋಯಿತು. ಮೂರೂ ಜನರ ತಲೆ ಒಂದೇ ಪರದೆಗೆ ಬಗ್ಗಿತು.

“ಮೂರು ಪಾಯಿಂಟ್ ಆರು,” ಎಂದಳು ಸಮೃದ್ಧಿ. ಧ್ವನಿ ಸಣ್ಣಗಾಗಿತ್ತು.

“ಗಾಳಿ ಇಲ್ದೆ ಓಡ್ಲಿ ಅಂತ ಎಷ್ಟು ಜನ ಈ ತಿರುಪು ತಿರುಚಿದ್ದಾರೋ,” ಎಂದು ಮನೋಹರಣ್ಣ ಸೀಟು ಎತ್ತಿ ಬಗ್ಗಿದರು. “ನಾನು ಸ್ವಲ್ಪ ಸ್ವಲ್ಪ ತಿರ್ಗಿಸ್ತೆ. ನೀ ಅಂಕಿ ಹೇಳು. ಗಂಗಾ, ನೀ ಎಂಜಿನ್ನಿನ ಮೇಲೆ ಕಿವಿ ಇಡು. ಸದ್ದು ನಂಗಿಂತ ನಿಂಗೇ ಚೆನ್ನಾಗಿ ತಿಳೀತದೆ.”

ಇದನ್ನು ಮನೋಹರಣ್ಣ ಬೇರೆ ಯಾರಿಗಾದರೂ ಹೇಳಿದ್ದು ಉಂಟೇ? ಇಲ್ಲ.

“ಮೂರು ಪಾಯಿಂಟ್ ಎರಡು.”

“ಸದ್ದು ಸರಿ ಇದೆ.”

“ಎರಡು ಪಾಯಿಂಟ್ ಒಂಬತ್ತು! ಸಾಕು ಅಣ್ಣಾ, ಪಾಸು!”

“ಇನ್ನೊಂದು ಸ್ವಲ್ಪ,” ಎಂದರು ಗಂಗಕ್ಕ. ಕಣ್ಣು ಮುಚ್ಚಿದ್ದರು. “ಇನ್ನೂ ಬಿಗಿಯಾಗಿ ಉಂಟು.”

“ಆಫಾದ್ರೆ ಮತ್ತೆ ಮೊದಲಿಂದ!” ಎಂದರು ಮನೋಹರಣ್ಣ.

“ಆಗುದಿಲ್ಲ. ತಿರ್ಗಿಸ್ರಿ.”

ಗಾಡಿ ಒಮ್ಮೆ ಕುಲುಕಿತು. ಸಮೃದ್ಧಿ ಕಿವಿ ಮುಚ್ಚಿಕೊಂಡಳು. ಕುಲುಕು ನಿಂತು ಎಂಜಿನ್ನು ಒಂದೇ ಹದಕ್ಕೆ ಬಂತು. “ಹಾಂ, ಈಗ ಬಿಡ್ರಿ,” ಎಂದರು ಗಂಗಕ್ಕ. ಪರದೆಯ ಮೇಲೆ ಒಂದು ಪಾಯಿಂಟ್ ಏಳು ಬಂದು ಅಲ್ಲೇ ನಿಂತಿತ್ತು.

ಸಮೃದ್ಧಿ ಕಾಗದ ಪ್ರಿಂಟು ಹಾಕಿ, ತಾನೇ ಪರೀಕ್ಷೆ ಪಾಸಾದ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಗಂಗಕ್ಕ ಈ ಸಲ ಒಂದೊಂದೇ ಸಾಲು ಓದಿದರು. ಅರ್ಥವಾಗದ್ದನ್ನು ಕೇಳಿದರು. ಆಮೇಲೆ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು.

ಆರ್‌ಟಿಒ ಆಫೀಸಿನಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಲೈಟು, ಹಾರನ್ನು, ಚಾಸಿ ನಂಬರು ಎಲ್ಲ ನೋಡಿ ಹಿಂದಿನ ಬಾಗಿಲು ತೆಗೆದರು. ಮೂಗು ಅರಳಿಸಿದರು.

“ಎಂತದೋ ಪರಿಮಳ. ಎಂತ ಸಾಗಿಸ್ತೀರಿ ಇದ್ರಲ್ಲಿ?”

“ಜೇನು ಸಾಹೇಬ್ರೆ.”

“ಬಾಟಲಿನಾ?”

“ಇಲ್ಲ, ಹುಳಾನೇ.”

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, “ಈಗ ಇಲ್ಲ ಅಲ್ಲ?” ಎಂದರು. ಇಲ್ಲ ಎಂದ ಮೇಲೂ ಉಳಿದ ತಪಾಸಣೆಯನ್ನು ಅಲ್ಲಿಂದಲೇ ಮುಗಿಸಿದರು. ಓಮಿನಿಗೆ ಇನ್ನು ಐದು ವರ್ಷ.

ಸಂಜೆ ಹುಳಗಳೆಲ್ಲ ಮನೆ ಸೇರಿದ ಮೇಲೆ ಗಂಗಕ್ಕ ಹದಿನೈದು ಪೆಟ್ಟಿಗೆಯ ಬಾಗಿಲು ಹಾಕಿದರು. ಶುಕ್ರವಾರ ನಸುಕಿಗೇ ಎದ್ದು ಗಾಡಿಗೆ ಏರಿಸಿ ಹೊರಟರು. ಶಿರಸಿ ದಾಟಿ, ಮಂಚಿಕೇರಿ ದಾಟಿ, ಮಾಗೋಡಿನ ಏರಿಗೆ ಬಂದಾಗ ಮೂರನೇ ಗೇರಿನಲ್ಲೇ ಗಾಡಿ ಹತ್ತಿತು. ಇಷ್ಟು ವರ್ಷ ಆ ಏರಿಗೆ ಒಂದನೇ ಗೇರು ಹಾಕಿ, ಹತ್ತು ಹತ್ತು ಎಂದು ಸ್ಟೇರಿಂಗ್ ತಟ್ಟುತ್ತಾ ಬರುತ್ತಿದ್ದರಂತೆ.

ಕಿಶೋರರ ಅಂಗಳಕ್ಕೆ ಗಾಡಿ ಬಂದದ್ದೇ ಅವರು ಒಳಗಿದ್ದ ತಾಯಿಗೆ ಕೂಗಿದರು. “ಆಯೀ, ಗಂಗಕ್ಕ ಬಂತು! ಒಂದ್ ಚಾ ಮಾಡೇ!”

ಬೆಟ್ಟದ ಅಂಚಿನಲ್ಲಿ ನೇರಲು ಮರಗಳು ಬಿಳಿ ಬಿಳಿ ಬಿಟ್ಟು ನಿಂತಿದ್ದವು. ಪೆಟ್ಟಿಗೆ ಇಳಿಸಿ, ಕಲ್ಲಿನ ಮೇಲೆ ಕೂರಿಸಿ, ಗಂಗಕ್ಕ ಮೊದಲು ಹಿಂದಿನ ಸಾಲಿನ ಪೆಟ್ಟಿಗೆಗಳ ತಳದ ಹಲಗೆ ಎಳೆದು ನೋಡಿದರು. ಕಿಶೋರರೂ ಧೈರ್ಯ ಮಾಡಿ ಹತ್ತಿರ ಬಂದು ಇಣುಕಿದರು. ಸತ್ತ ಹುಳ ಮೂರೋ ನಾಲ್ಕೋ ಇರಬಹುದು. ಗಂಗಕ್ಕ ಅವನ್ನೂ ಬೆರಳ ತುದಿಯಲ್ಲಿ ಎತ್ತಿ ನೋಡಿ, “ಇವು ಮುದುಕಿಯರು, ಹೊತ್ತಾಗಿತ್ತು,” ಎಂದರು. ಆಮೇಲೆ ಬಾಗಿಲು ತೆಗೆದರು. ಒಂದು ಬಂತು, ಹೊಸಿಲ ಮೇಲೆ ನಿಂತು ಮುಖ ಒರೆಸಿಕೊಂಡಿತು, ಹಾರಿತು. ಹಿಂದೆ ಇನ್ನೊಂದು. ಹಿಂದೆ ಸಾಲು.

“ಹೆಗಡೇರೆ, ಸ್ವಲ್ಪ ಬದಿಗೆ ಸರೀರಿ. ಅವಕ್ಕೆ ದಾರಿ ಗುರುತು ಮಾಡ್ಕೊಳ್ಳುದುಂಟು, ನಿಮ್ಮ ಹೊಟ್ಟೆ ಅಡ್ಡ ಬರ್ತದೆ.”

“ನನ್ನ ಕಾರಿಗೆ ಪೈಪು ಹಾಕಿದ್ರೆ ಇಷ್ಟು ಒದ್ದಾಟ ಇಲ್ದೆ ಬರ್ಬಹುದಿತ್ತಲ್ಲ ಗಂಗಕ್ಕಾ,” ಎಂದು ಕಿಶೋರರು ಛೇಡಿಸಿದರು.

“ಬರ್ಬಹುದಿತ್ತು,” ಎಂದರು ಗಂಗಕ್ಕ. ಆಯಿ ತಂದ ಚಾ ನಿಂತಲ್ಲೇ ಕುಡಿದು, ಲೋಟ ಕೈಗಿಟ್ಟು ಗಾಡಿ ಹತ್ತಿದರು. ನಲವತ್ತೈದು ಪೆಟ್ಟಿಗೆ ಇನ್ನೂ ಎಕ್ಕಂಬಿಯಲ್ಲೇ ಇತ್ತು.